ನಾರಣಪ್ಪನಿಗೆ ಮುಖ ಬಂದದ್ದು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಆರಂಭವಾಗುವಾಗಲೇ ನಾರಣಪ್ಪ ಸತ್ತಿದ್ದಾನೆ. ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದೇ ಕಥೆಯ ಗಂಟು. ಬದುಕಿದ್ದ ನಾರಣಪ್ಪನನ್ನು ಓದುಗ ನೇರವಾಗಿ ಕಾಣುವುದೇ ಇಲ್ಲ. ಅಗ್ರಹಾರದವರ ಬಾಯಲ್ಲಿ ಆತ ಸಾಲಿಗ್ರಾಮವನ್ನು ಹೊಳೆಗೆಸೆದ ಪಾಪಿ, ಶ್ರೀಪತಿಗೆ ಗೆಳೆಯ, ಚಂದ್ರಿಗೆ ತನ್ನವನು, ಪ್ರಾಣೇಶಾಚಾರ್ಯರಿಗೆ ತಾವು ಗೆಲ್ಲಲಾಗದೆ ಹೋದ ಎದುರಾಳಿ. ಆತನ ಸವಾಲಿನ ಮಾತುಗಳು ಕೂಡ ಆಚಾರ್ಯರ ನೆನಪನ್ನು ಹಾದೇ ನಮ್ಮನ್ನು ಮುಟ್ಟುತ್ತವೆ. ನೆನೆಯುವವರು ಎಷ್ಟು ಮಂದಿಯೋ ಅಷ್ಟು ಮಂದಿ ನಾರಣಪ್ಪಂದಿರು.

ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಇದನ್ನು ಚಿತ್ರವಾಗಿಸಿದರು. ಚಿತ್ರಕಥೆ ಗಿರೀಶ ಕಾರ್ನಾಡರದು, ನಾರಣಪ್ಪನಾದವರು ಪಿ. ಲಂಕೇಶ್. ಬರೆಯುವವನು ಪಾತ್ರದ ಚಹರೆಯನ್ನು ಹೇಳದೆಯೇ ಪುಟಗಳನ್ನು ದಾಟಿಸಬಹುದು. ಕ್ಯಾಮರಾಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದರೆದುರು ನಿಂತವನಿಗೆ ಕಣ್ಣು, ಮೂಗು, ದನಿ ಇರಲೇಬೇಕು. ಯಾರ ನೆನಪಾಗಿ ಬಂದರೂ ಲಂಕೇಶರ ಮುಖ ಅದೇ. ಆಗ ನೆನಪು ಸಾಕ್ಷ್ಯವಾಗಿಬಿಡುತ್ತದೆ. ‘ಅವರು ಹೀಗೆನ್ನುತ್ತಾರೆ’ ಎಂದು ಓದಿದ್ದನ್ನು ಪ್ರೇಕ್ಷಕ ‘ಹೀಗೆ ನಡೆಯಿತು’ ಎಂದು ನೋಡುತ್ತಾನೆ. ಪುಸ್ತಕವಾಗಿ ಐದು ವರ್ಷ ಓದಿಸಿಕೊಂಡಿದ್ದ ಕಥೆ ತೆರೆಗೆ ಬರುವಾಗ ಮದರಾಸಿನ ಸೆನ್ಸಾರ್ ತಡೆಯೊಡ್ಡಿತು. ಜಾತಿಯ ವಿಷಯದ ಅಂಜಿಕೆ ಅದಕ್ಕೆ ಕಾರಣವಾಗಿತ್ತು, ನಿಜ. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಈ ಅಂತರದ ಪಾಲೂ ಅದರಲ್ಲಿ ಇದ್ದಿರಬೇಕು. ಮುಂದೆ ತಡೆ ತೆರವಾಯಿತು; ಅದೇ ಚಿತ್ರಕ್ಕೆ ಆ ವರ್ಷದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಕಾದಂಬರಿಯ ಕೊನೆಯ ಭಾಗದ ತೊಡಕು ಬೇರೆ. ಆಚಾರ್ಯರು ಅಗ್ರಹಾರ ಬಿಟ್ಟು ನಡೆಯುತ್ತಾರೆ. ಮಾಲೇರ ಪುಟ್ಟ ಬೆನ್ನು ಬಿಡದೆ ಜೊತೆಯಾಗುತ್ತಾನೆ. ಇಬ್ಬರೂ ಜಾತ್ರೆಯಲ್ಲಿ ಅಲೆಯುತ್ತಾರೆ. ಹೊರಗೆ ನಡೆಯುವುದು ಹೆಚ್ಚೇನಲ್ಲ, ಕಾದಂಬರಿ ಪುಟಗಟ್ಟಲೆ ಇರುವುದು ಆಚಾರ್ಯರ ತಲೆಯೊಳಗೆ. ಅಲ್ಲಿ ಪುಟ್ಟನ ಹರಟೆ ಯೋಚನೆಗೆ ಅಡ್ಡ ಬರುವ ಸದ್ದು. ತೆರೆಯ ಮೇಲಾದರೋ ಯೋಚನೆ ಕಾಣದು, ಹರಟೆ ಕೇಳುತ್ತದೆ. ಪುಟ್ಟನ ತೂಕ ತಾನಾಗಿ ಹೆಚ್ಚುತ್ತದೆ. ಆಚಾರ್ಯರ ಪಾತ್ರವನ್ನು ಮಾಡಿದವರೂ ಕಾರ್ನಾಡರೇ. ಚಿತ್ರಕಥೆ ಬರೆಯುವಾಗ ಬಿಟ್ಟ ಮಾತುಗಳನ್ನೆಲ್ಲ ನಟಿಸುವಾಗ ತಮ್ಮ ಮುಖದ ಮೇಲೆ ಹೊರಬೇಕಾದ ಪಾಡು ಅವರದು!

ಮೂರು ವರ್ಷಗಳ ತರುವಾಯ, 1973ರಲ್ಲಿ, ಕಾರ್ನಾಡರೇ ನಿರ್ದೇಶಿಸಿದ ‘ಕಾಡು’ ಬಂತು. ಶ್ರೀಕೃಷ್ಣ ಆಲನಹಳ್ಳಿಯವರ ಆ ಕಾದಂಬರಿಯಲ್ಲಿ ಊರೂರಿನ ಹಗೆ, ದೊಡ್ಡವರ ಗುಟ್ಟು ಓದುಗನಿಗೆ ಸಿಗುವುದು ಹುಡುಗ ಕಿಟ್ಟಿಯ ಮೂಲಕ. ಓದುವಾಗ ನಾವು ಕಿಟ್ಟಿಯ ಒಳಗಿದ್ದು ಹೊರಗೆ ನೋಡುತ್ತೇವೆ. ಸಿನಿಮಾ ಅವನು ಕಂಡದ್ದನ್ನು ತೋರಿಸುವುದರ ಜೊತೆಗೆ, ಕಾಣುತ್ತಿರುವ ಅವನನ್ನೂ ತೋರಿಸುತ್ತದೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುವುದು ಬಹುಪಾಲು ಅವನ ಮುಖ ನೋಡಿಯೇ. ಕಿಟ್ಟಿಯಾಗಿದ್ದ ಜಿ. ಎಸ್. ನಟರಾಜನಿಗೆ ಶ್ರೇಷ್ಠ ಬಾಲನಟ ಪ್ರಶಸ್ತಿ ದೊರೆಯಿತು.