ಯಾರ ಅವ್ವನ ಪಾರ್ಟು?

“ಯಾರ ಅವ್ವನ ಪಾರ್ಟು, ತಮ್ಮಾ?”

ಜಮಖಂಡಿಯ ಒಂದು ಓಣಿಯಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಮೆಂತ್ಯೆ ಪಲ್ಲೆ ಸೋಸುತ್ತಿದ್ದ ಆ ಹಿರಿಯ ಕಲಾವಿದೆ ತಲೆ ಎತ್ತದೆ ಕೇಳಿದರು. ವಯಸ್ಸು 67. ಹದಿನಾರಕ್ಕೆ ಬಣ್ಣ ಹಚ್ಚಿ, ಮೂವತ್ತಕ್ಕೂ ಹೆಚ್ಚು ವರ್ಷ ನಾಟಕ ಕಂಪನಿಗಳಲ್ಲಿ ದುಡಿದವರು. “ಯಾರ ಅವ್ವನೂ ಅಲ್ರಿ ಅವ್ವಾರ. ಕಥೀನ ನಿಮ್ಮದು” ಅಂದೆ. ಪಲ್ಲೆ ಸೋಸುವ ಕೈ ನಿಂತಿತು.

ನಾನು ಬನಹಟ್ಟಿಯ ನೇಕಾರರ ಮನೆಯವನು. ಹೊಟ್ಟೆಪಾಡಿಗೆ ಮದುವೆ, ಕುಬಸದ ವಿಡಿಯೋ ಶೂಟಿಂಗ್ ಮಾಡುತ್ತೇನೆ. ಉಳಿದ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಕಿರುಚಿತ್ರ ಮಾಡುತ್ತೇನೆ. ಆ ಸಲದ ಕಥೆ 14 ನಿಮಿಷದ್ದು. ಗಂಡ ತೀರಿಕೊಂಡ ಮೇಲೆ ಮನೆಯ ಕೈಮಗ್ಗವನ್ನು ಬಿಚ್ಚಿ ಮಾರಲು ಮಗ ಗೊತ್ತು ಮಾಡಿದ್ದಾನೆ. ನಾಳೆ ಗಾಡಿ ಬರುತ್ತದೆ. ಆ ಮಗ್ಗದ ಪಕ್ಕ ಮುದುಕಿ ಕಳೆಯುವ ಕೊನೆಯ ರಾತ್ರಿಯೇ ಚಿತ್ರ.

ಮೊದಲು ಈ ಪಾತ್ರಕ್ಕೆ 26 ವರ್ಷದ ಹುಡುಗಿಯನ್ನು ಒಪ್ಪಿಸಿದ್ದೆ. ಒಳ್ಳೆಯ ನಟಿಯೇ. ಕೂದಲಿಗೆ ಬಿಳಿ ಬಣ್ಣ ಬಳಿದೆವು, ಹಣೆಗೆ ಗೆರೆ ಎಳೆದೆವು. ಆದರೆ ಆಕೆ ನೂಲಿನ ಕಂಡಿಕಿ ಸುತ್ತಲು ಕೂತಾಗ ಕ್ಯಾಮೆರಾ ಕೈ ಮೇಲೆ ಬಂತು. ಆ ಮಣಿಕಟ್ಟು, ಆ ಬೆರಳಿನ ಗೆಣ್ಣು ಎಲ್ಲವೂ ಇಪ್ಪತ್ತಾರರವೇ. ನೆಲದಿಂದ ಏಳುವಾಗ ಮೊಣಕಾಲಿಗೆ ಕೈ ಊರಬೇಕೆಂಬುದು ಆಕೆಗೆ ನೆನಪಿಡಬೇಕಾದ ಸಂಗತಿಯಾಗಿತ್ತು. ಅರವತ್ತೇಳರ ಮೈಗೆ ಅದನ್ನು ಯಾರೂ ನೆನಪಿಸಬೇಕಿಲ್ಲ. ಎರಡು ದಿನದ ಶೂಟಿಂಗ್ ಬದಿಗಿಟ್ಟು ಜಮಖಂಡಿಯ ಬಸ್ ಹತ್ತಿದೆ.

ನಟಿಗೆ ನಲವತ್ತು ದಾಟಿದರೆ ಅವ್ವ, ಐವತ್ತು ದಾಟಿದರೆ ಅಜ್ಜಿ ಎಂದು ನಮ್ಮ ಸಿನಿಮಾ ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದೆ. ಪಾತ್ರಗಳ ಪಟ್ಟಿಯಲ್ಲಿ ಆಕೆಗೆ ಎಷ್ಟೋ ಸಲ ಹೆಸರೂ ಇರುವುದಿಲ್ಲ. ‘ನಾಯಕನ ತಾಯಿ’ ಎಂದಷ್ಟೇ ಬರೆದಿರುತ್ತಾರೆ. ದೊಡ್ಡ ಸಿನಿಮಾದವರು ಇದಕ್ಕೆ ಮಾರುಕಟ್ಟೆಯ ಕಾರಣ ಕೊಡುತ್ತಾರೆ. ಕಿರುಚಿತ್ರಕ್ಕೆ ಟಿಕೆಟ್ ಇಲ್ಲ, ವಿತರಕರಿಲ್ಲ, ಸ್ಟಾರ್ ಬೇಕಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಒಂದು ಇಡೀ ಬದುಕನ್ನು ಹೇಳಬೇಕು. ಮಾತಿಗೆ ಜಾಗ ಕಡಿಮೆ ಇರುವಾಗ ಮುಖವೇ ಅರ್ಧ ಕಥೆ ಹೇಳಬೇಕು. ಅಂಥ ಮುಖ ಬದುಕಿದವರಿಗಷ್ಟೇ ಇರುತ್ತದೆ.

ಅಂಥ ಕಲಾವಿದೆಯರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಸೋದರಿಯರು ಬೀಳಗಿಯವರು. ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಅಭಿನಯಿಸಿದರು. 1888ರಲ್ಲಿ ಹುಟ್ಟಿದ ಬಾಲಗಂಧರ್ವರು ಐವತ್ತು ದಾಟಿದ ಮೇಲೂ ಸೀರೆ ಉಟ್ಟು ನಾಯಕಿಯಾಗಿ ರಂಗಕ್ಕೆ ಬಂದರು, ಜನ ತಲೆದೂಗಿದರು. ಐವತ್ತು ದಾಟಿದ ಗಂಡಸಿನಲ್ಲಿ ಹರೆಯದ ನಾಯಕಿಯನ್ನು ಕಂಡ ನಾವು, ಐವತ್ತು ದಾಟಿದ ಹೆಣ್ಣುಮಗಳಲ್ಲಿ ಐವತ್ತರ ನಾಯಕಿಯನ್ನು ಕಾಣಲಾರೆವೆಂದರೆ ಹೇಗೆ?

ಮುಧೋಳ ತಾಲ್ಲೂಕಿನ ಲೋಕಾಪುರ ಶ್ರೀಕೃಷ್ಣ ಪಾರಿಜಾತದ ಊರು. ಪಾರಿಜಾತ ಕಲಾವಿದ ಅಪ್ಪಾಲಾಲ ನದಾಫರ ಊರು. ಅತ್ತ ಕುಲಗೋಡ ತಮ್ಮಣ್ಣನವರು ಮನೆಮಾತಾಗಿಸಿದ ಈ ಬಯಲಾಟಕ್ಕೆ ಕೌಜಲಗಿ ನಿಂಗಮ್ಮನವರಂಥ ಹೆಣ್ಣುಮಗಳು ಬಂದು ದೊಡ್ಡ ಹೆಸರು ಮಾಡಿದರು. ನಮ್ಮದೇ ಜಿಲ್ಲೆಯ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಆ ಟೆಂಟುಗಳಲ್ಲಿ ಹರೆಯ ಕಳೆದು ಈಗ ಮನೆ ಹಿಡಿದು ಕೂತವರು ನಮ್ಮ ಊರೂರಲ್ಲಿದ್ದಾರೆ.

ರಬಕವಿ-ಬನಹಟ್ಟಿಯವರಿಗಂತೂ ದೊಡ್ಡ ಉದಾಹರಣೆ ಕಣ್ಣೆದುರೇ ಇತ್ತು. 2013ರಲ್ಲಿ ತೇರದಾಳ ಕ್ಷೇತ್ರದಿಂದ ಗೆದ್ದು ಮಂತ್ರಿಯಾದ ಉಮಾಶ್ರೀ ಅವರನ್ನು ನಾವು ಮತ ಕೇಳುತ್ತ ಓಣಿ ಓಣಿ ತಿರುಗುವಾಗ ಕಂಡವರು. ಸಿನಿಮಾ ಅವರನ್ನು ವರ್ಷಗಟ್ಟಲೆ ಹಾಸ್ಯದ ಪಾತ್ರಗಳಲ್ಲೇ ಕೂಡಿಸಿತ್ತು. ರಂಗದ ಮೇಲೆ ಅವರು ‘ಒಡಲಾಳ’ದ ಸಾಕವ್ವನಾಗಿ, ಒಬ್ಬ ಮುದುಕಿ ಇಡೀ ನಾಟಕವನ್ನು ಹೊರಬಲ್ಲಳೆಂದು ತೋರಿಸಿದ್ದರು. ಗಿರೀಶ ಕಾಸರವಳ್ಳಿ 2008ರಲ್ಲಿ ‘ಗುಲಾಬಿ ಟಾಕೀಸ್’ ಚಿತ್ರದ ಸೂಲಗಿತ್ತಿ ಗುಲಾಬಿಯ ಪಾತ್ರವನ್ನು ಅವರಿಗೆ ಕೊಟ್ಟರು. ಐವತ್ತರ ಆಸುಪಾಸಿನಲ್ಲಿ ಸಿಕ್ಕ ಆ ಪಾತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಪ್ರತಿಭೆ ಮೊದಲಿನಿಂದಲೂ ಇತ್ತು. ತಡವಾಗಿ ಬಂದದ್ದು ಪಾತ್ರ.

ಕಿರುಚಿತ್ರದ ಮಾತಿಗೆ ಬಂದರೆ, 2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ದು ಊರಿಗೆ ಬೆಳಗೇ ಆಗದಂತಾಗುವ ಕಥೆ ಅದು. ತನ್ನ ಕೋಳಿ ಕೂಗಿದರೇ ಬೆಳಗು ಎಂದುಕೊಂಡ ಅಜ್ಜಿಯ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಅಜ್ಜಿ ಕಥೆಗಳಲ್ಲಿ ಅಜ್ಜಿಯರು ಎಂದಿನಿಂದಲೂ ಮುಖ್ಯ ಪಾತ್ರವೇ.

ಹಿರಿಯ ಕಲಾವಿದೆಯರ ಜೊತೆ ಕೆಲಸ ಮಾಡುವವರಿಗೆ ನಾನು ಕಲಿತ ಕೆಲವು ಸಂಗತಿ ಹೇಳುತ್ತೇನೆ. ಕಂಪನಿಯವರದು ಕಡೇ ಸಾಲಿಗೆ ಮುಟ್ಟುವ ದನಿ. ಮೊದಲ ದಿನ ನಮ್ಮ ಮೈಕ್ ಅದನ್ನು ತಾಳಲಿಲ್ಲ. “ದನಿ ಇಳಿಸ್ರಿ” ಎಂದಾಗ ಭಾವವೂ ಇಳಿಯಿತು. ಆಮೇಲೆ ಕ್ಯಾಮೆರಾ ತೋರಿಸಿ, “ಇದು ನಿಮ್ಮ ಮಗ್ಗಲದಾಗ ಕುಂತ ಗೆಳತಿ ಅನಕೋರಿ” ಎಂದೆ. ಒಂದೇ ಸಲಕ್ಕೆ ಹಿಡಿದರು. ಇನ್ನೊಂದು, ವೇಳೆ. ರಾತ್ರಿಯಿಡೀ ನಾಟಕ ಆಡಿ ಬೆಳಗಿನ ಜಾವ ಮಲಗಿದ ಮೈ ಅದು. ಬೆಳಿಗ್ಗೆ ಆರಕ್ಕೆ ಕರೆದರೆ ಸೋತಿರುತ್ತದೆ, ಹೊತ್ತು ಮುಳುಗಿದ ಮೇಲೆ ಅರಳುತ್ತದೆ. ಹೋಗಿಬರಲು ವಾಹನ, ಜೊತೆಗೊಬ್ಬರು, ಕೂರಲು ನೆರಳು ಇರಲೇಬೇಕು. ಮತ್ತೆ ಸಂಭಾವನೆ. ಮೊತ್ತ ಸಣ್ಣದಿದ್ದರೂ ಮೊದಲೇ ಮಾತಾಡಿ, ಕೈಗೆ ಕೊಟ್ಟು ಕೆಲಸ ಶುರು ಮಾಡಬೇಕು. ಶಾಲು, ಹಾರ ಹಾಕಿ ಕಳಿಸುವುದು ಕೂಲಿಯಲ್ಲ.

ಕೊನೆಯ ದೃಶ್ಯದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ನಿಲ್ಲದೆ ಧ್ವನಿ ಹಿಡಿಯಲಾಗದು. ಕರೆಂಟ್ ಹೋಗುವುದನ್ನೇ ಕಾದೆವು. ಹತ್ತೂವರೆಗೆ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಬ್ಯಾಟರಿ ದೀಪ ಹಚ್ಚಿದೆವು. ‘ಮಗ್ಗವನ್ನು ತಬ್ಬಿ ಅಳುತ್ತಾಳೆ’ ಎಂದು ನಾನು ಬರೆದಿದ್ದೆ.

“ಇಕಿ ಈಗ ಅಳೂದಿಲ್ಲ ತಮ್ಮಾ” ಅಂದರು. “ಮಗ್ಗಲ ಖೋಲ್ಯಾಗ ಮಗ ಮಲಗ್ಯಾನ. ಅವಂಗ ಎಚ್ಚರ ಆದೀತಂತ ಉಸರೂ ಸಣ್ಣಗ ಬಿಡತಾಳ.”

ಕ್ಯಾಮೆರಾ ಓಡಿತು. ಅವರು ಮಗ್ಗದ ಮುಂದೆ ಕೂತು, ಹಾಸಿನಲ್ಲಿ ಹರಿದ ಒಂದು ಎಳೆ ಹುಡುಕಿದರು. ಎರಡೂ ತುದಿಗಳನ್ನು ಬೆರಳ ನಡುವೆ ಹೊಸೆದು ಗಂಟು ಹಾಕಿದರು. ನಾಳೆ ಬಿಚ್ಚಿ ಒಯ್ಯುವ ಮಗ್ಗದ ಎಳೆಯನ್ನು. ಆಮೇಲೆ ದೀಪ ಸಣ್ಣದು ಮಾಡಿದರು. ಒಂದೂ ಮಾತಿಲ್ಲ. ನಾನು ಬರೆದದ್ದಕ್ಕಿಂತ ಅದು ಎಷ್ಟೋ ದೊಡ್ಡದಾಗಿತ್ತು. ಅಂಥದ್ದು ಇಪ್ಪತ್ತಾರರ ಹುಡುಗಿಗೂ ಹೊಳೆದಿರಲಿಲ್ಲ, ಮೂವತ್ತನಾಲ್ಕರ ನನಗೂ ಹೊಳೆದಿರಲಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಮೊಬೈಲ್ ಹಿಡಿದು ಕಿರುಚಿತ್ರ ಮಾಡುವ ತಮ್ಮ ತಂಗಿಯರಿಗೆ ನನ್ನ ಕೋರಿಕೆ ಇಷ್ಟೇ: ನಿಮ್ಮ ಓಣಿಯಲ್ಲಿ ಬಣ್ಣ ಹಚ್ಚಿದ ಹಿರಿಯರು ಯಾರಿದ್ದಾರೆ ಎಂದು ವಿಚಾರಿಸಿ. ಕಥೆ ಬರೆಯುವ ಮೊದಲೇ ಹೋಗಿ ಭೇಟಿಯಾಗಿ, ಅವರನ್ನು ನೋಡಿ ಕಥೆ ಬರೆಯಿರಿ.

ಮೊನ್ನೆ ಹೊಸ ಕಥೆಯ ಬಗ್ಗೆ ಹೇಳಲು ಜಮಖಂಡಿಯ ಆ ಕಲಾವಿದೆಗೆ ಫೋನ್ ಮಾಡಿದ್ದೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬೀಳಗಿ ಕಡೆಯ ಹೆಣ್ಣುಮಗಳ ಕಥೆ. ಸುಮ್ಮನೆ ಕೇಳಿಸಿಕೊಂಡರು. ಯಾರ ಅವ್ವ ಎಂದು ಈ ಸಲ ಕೇಳಲಿಲ್ಲ.

“ಇಕಿ ಹೆಸರೇನಿಟ್ಟೀಯೋ ತಮ್ಮಾ?” ಅಂದರು.