ಕುಡಿತ ಬಿಡಿಸಲೂ ಒಪಿಡಿ ಉಂಟು

ಮುಂಬಯಿ: ಹೊಟೇಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿಯುವ ತುಳು-ಕನ್ನಡಿಗರ ಮನೆಯಲ್ಲಿ ಒಬ್ಬರು ಕುಡಿತದ ದಾಸರಾದರೆ ಮನೆಯವರಿಗೆ ತೋಚುವ ಮೊದಲ ಉಪಾಯ ಅವರನ್ನು ಊರಿಗೆ ಕಳುಹಿಸುವುದು. ಇದ್ದ ನೌಕರಿ ಹೋಗುತ್ತದೆ, ಮನೆಬಾಡಿಗೆ ಮತ್ತು ಮಕ್ಕಳ ಫೀಸು ಪತ್ನಿಯ ಮೇಲೆ ಬೀಳುತ್ತದೆ. ಊರಿನಲ್ಲೂ ಶರಾಬು ಸಿಗುತ್ತದೆ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಪರೇಲಿನ ಕೆಇಎಂ, ಸಯನ್ ಹಾಗೂ ನಾಯರ್ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಹೊರರೋಗಿಯಾಗಿಯೇ ಇದಕ್ಕೆ ಚಿಕಿತ್ಸೆ ಪಡೆಯಬಹುದು. ಕೇಸ್‌ಪೇಪರ್ ಮಾಡಿಸಿ ಸರದಿಯಲ್ಲಿ ಕುಳಿತರಾಯಿತು. ಎಷ್ಟು ವರ್ಷದ ಅಭ್ಯಾಸ, ಬೆಳಿಗ್ಗೆ ಕೈ ನಡುಗುತ್ತದೆಯೇ, ನಿದ್ದೆ ಹೇಗೆ, ಮನಸ್ಸಿಗೆ ಬೇಸರವಿದೆಯೇ ಎಂದು ವೈದ್ಯರು ವಿಚಾರಿಸುತ್ತಾರೆ, ಯಕೃತ್ತಿನ ಸ್ಥಿತಿ ತಿಳಿಯಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ, ಬುದ್ಧಿ ಭ್ರಮಿಸಿದ್ದರೆ ಅಥವಾ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ದಾಖಲಾಗಲು ಹೇಳುತ್ತಾರೆ. ಉಳಿದ ಬಹುಪಾಲು ಮಂದಿಗೆ ಮನೆಯಲ್ಲೇ ಕೆಲವು ದಿನ ಮಾತ್ರೆ, ಜತೆಗೆ ಬಿ-1 ಜೀವಸತ್ವ. ಮಾತ್ರೆಯ ಪ್ರಮಾಣ ದಿನೇ ದಿನೇ ಇಳಿಯುತ್ತದೆ. ಮಾತ್ರೆ ಮನೆಯವರ ಕೈಯಲ್ಲಿರುವುದು ಒಳ್ಳೆಯದು.

"ನಾಳೆಯಿಂದ ಮುಟ್ಟುವುದಿಲ್ಲ" ಎಂದು ದೇವರ ಮುಂದೆ ಆಣೆ ಹಾಕಿ ಒಮ್ಮೆಗೇ ನಿಲ್ಲಿಸುವವರಿದ್ದಾರೆ. ಹಲವು ವರ್ಷ ಪ್ರತಿದಿನ ಕುಡಿದವರಿಗೆ ಇದು ಅಪಾಯಕಾರಿ. ಎರಡು-ಮೂರನೆಯ ದಿನ ಫಿಟ್ಸ್, ಇಲ್ಲದ್ದು ಕಾಣಿಸುವುದು, ಮೈ ಬೆವರುವುದು ಆರಂಭವಾಗಬಹುದು. ಪ್ರಾಣವೇ ಹೋದದ್ದುಂಟು.

ಇನ್ನೊಂದು ಅಪಾಯ "ಹೇಳದೆಯೇ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತುಗಳದ್ದು. ಡೈಸಲ್ಫಿರಾಮ್ ಎಂಬ ಮಾತ್ರೆ ಸೇವಿಸಿದವರು ಕುಡಿದರೆ ವಾಂತಿಯಾಗುತ್ತದೆ, ಎದೆಬಡಿತ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಇದನ್ನು ಕೊಡಬೇಕು. ಪತಿಯ ಚಹಾದಲ್ಲಿ ಗುಟ್ಟಾಗಿ ಬೆರೆಸುವ ಗೃಹಿಣಿಯ ಸಂಕಟ ಅರ್ಥವಾಗುವಂಥದ್ದೇ, ಆದರೆ ಹೃದ್ರೋಗಿಯಾದರೆ ಗತಿಯೇನು? ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಉಪಕಾರ ಪಡೆದ ಕುಟುಂಬಗಳು ಅನೇಕ. ಆದರೆ ಶಿಬಿರ ಮುಗಿಸಿ ಮರಳಿದವರಿಗೆ ಮುಂಬಯಿಯಲ್ಲಿ ಅದೇ ಗಲ್ಲಿ, ಅದೇ ಬಾರು, ಅದೇ ಗೆಳೆಯರು. ಮೊದಲ ಕೆಲವು ತಿಂಗಳು ವಾರಕ್ಕೋ ಹದಿನೈದು ದಿನಕ್ಕೋ ಒಪಿಡಿಗೆ ಹೋಗಿ ಬರುವುದು ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನಗರದ ಹಲವೆಡೆ ಸಂಜೆ ಹೊತ್ತು ನಡೆಯುತ್ತವೆ. ಶುಲ್ಕವಿಲ್ಲ, ಪೂರ್ಣ ಹೆಸರು ಕೇಳುವುದಿಲ್ಲ. ಮಧ್ಯೆ ಒಮ್ಮೆ ಜಾರಿದರೆ ಮರುದಿನವೇ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆಯವರು ಸಿಹಿ ತಿಂದರೆಂದು ಯಾರೂ ಮನೆಯಿಂದ ಹೊರಹಾಕುವುದಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆನ್ನುತ್ತದೆ. ಆದರೆ ಸಾಮಾನ್ಯ ಮೆಡಿಕ್ಲೇಮ್ ಪಾಲಿಸಿ ಆಸ್ಪತ್ರೆಗೆ ದಾಖಲಾದರಷ್ಟೇ ಹಣ ನೀಡುವುದರಿಂದ ಒಪಿಡಿ ಖರ್ಚು ಹೆಚ್ಚಾಗಿ ಕೈಯಿಂದಲೇ. ಹೀಗಾಗಿ ಪಾಲಿಕೆ ಆಸ್ಪತ್ರೆಯೇ ಮೇಲು.

2019ರಲ್ಲಿ ಪ್ರಕಟವಾದ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯವ್ಯಸನಿಗಳಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ದೊರೆತಿದೆ. ಸಂಘಗಳ ಉಚಿತ ವೈದ್ಯಕೀಯ ಶಿಬಿರದಲ್ಲಿ ಬಿಪಿ, ಶುಗರ್, ಕಣ್ಣಿನ ತಪಾಸಣೆಯ ಜತೆಗೆ ಮನೋವೈದ್ಯರೊಬ್ಬರಿಗೂ ಮೇಜು ಹಾಕಿದರೆ, ನಾಚಿಕೆಯಿಂದ ಆಸ್ಪತ್ರೆಗೆ ಹೋಗದವರು ಅಲ್ಲಿಗಾದರೂ ಬಂದಾರು. ಮರೆಯಲ್ಲಿ ಮಾತನಾಡಲು ಒಂದು ಪರದೆ ಅವಶ್ಯ. ಅಲ್ಲಿಯವರೆಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುವವರಿದ್ದಾರೆ.