ಒಂದೇ ಥ್ರೆಡ್, ಸಾವಿರ ಗಿರಾಕಿ

ಶಾಲಾ ವ್ಯಾನುಗಳು ಎಲ್ಲಿವೆ ಎಂದು ತೋರಿಸುವ ಆ್ಯಪ್ ನಮ್ಮದು. ಬೆಳಿಗ್ಗೆ ಪ್ರತಿ ವ್ಯಾನೂ ಕೆಲವು ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ಸರ್ವರ್‌ಗೆ ತಿಳಿಸುತ್ತದೆ. ಅತ್ತ ಅಪ್ಪ ಅಮ್ಮಂದಿರ ಮೊಬೈಲುಗಳು ಕೇಳುತ್ತಲೇ ಇರುತ್ತವೆ. ಇದನ್ನೆಲ್ಲ ಸಂಭಾಳಿಸುವುದು ನೋಡ್‌ಜೆಎಸ್. ಹೊಸದಾಗಿ ಸೇರಿದವರು ‘ಸಾರ್, ನೋಡ್ ಒಳ್ಳೇದಾ?’ ಎಂದರೆ ನಾನು ತಿರುಗಿ ಕೇಳುತ್ತೇನೆ: ‘ನಿನ್ನ ಸರ್ವರ್ ಹೆಚ್ಚು ಹೊತ್ತು ಕಾಯುತ್ತೋ, ಲೆಕ್ಕ ಮಾಡುತ್ತೋ?’

ಬಹುಮಟ್ಟಿಗೆ ಬ್ರೌಸರ್‌ನೊಳಗೇ ಉಳಿದಿದ್ದ ಜಾವಾಸ್ಕ್ರಿಪ್ಟನ್ನು 2009ರಲ್ಲಿ ಗೂಗಲ್ ಕ್ರೋಮ್‌ನ ವಿ8 ಎಂಜಿನ್ ಬಳಸಿ ಸರ್ವರ್‌ನಲ್ಲಿ ಓಡಿಸಿ ನೋಡ್ ಕಟ್ಟಿದವರು ರಯಾನ್ ಡಾಲ್. ಆಗಿನ ಅನೇಕ ಸರ್ವರ್‌ಗಳು ಒಬ್ಬೊಬ್ಬ ಬಳಕೆದಾರನಿಗೆ ಒಂದೊಂದು ಥ್ರೆಡ್, ಅಂದರೆ ಕೆಲಸದ ಎಳೆ, ಮೀಸಲಿಡುತ್ತಿದ್ದವು. ಡೇಟಾಬೇಸಿನ ಉತ್ತರಕ್ಕೆ ಸುಮ್ಮನೆ ಕಾದು ಕೂತ ಥ್ರೆಡ್ಡೂ ಮೆಮೊರಿ ತಿನ್ನುತ್ತಿತ್ತು. ನೋಡ್ ನಮ್ಮ ಕೋಡನ್ನು ಒಂದೇ ಥ್ರೆಡ್‌ನಲ್ಲಿ ನಡೆಸುತ್ತದೆ. ದರ್ಶಿನಿಯ ದೋಸೆ ಭಟ್ಟರು ಒಂದು ದೋಸೆ ಬೇಯಲಿ ಎಂದು ಕಾಯುತ್ತಾರೆಯೇ? ಸಾಲಾಗಿ ಹುಯ್ಯುತ್ತಾ ಹೋಗಿ, ಬೆಂದದ್ದನ್ನು ಎತ್ತುತ್ತಾರೆ. ನೋಡ್‌ನ ಈವೆಂಟ್ ಲೂಪ್ ಮಾಡುವುದೂ ಅದನ್ನೇ.

ಆದರೆ ಅದೇ ಭಟ್ಟರನ್ನು ನಡುವೆ ಹಿಟ್ಟು ರುಬ್ಬಲು ಕಳಿಸಿದರೆ ಕಾವಲಿ ಮೇಲಿದ್ದದ್ದೆಲ್ಲ ಸೀದುಹೋಗುತ್ತದೆ. ತಿಂಗಳ ಕೊನೆಗೆ ಶಾಲೆಗಳಿಗೆ ನೂರಾರು ಪುಟದ ಪಿಡಿಎಫ್ ವರದಿ ತಯಾರಿಸಬೇಕು. ಅದು ಬರೀ ಪ್ರೊಸೆಸರ್ ದುಡಿಮೆ. ಅದು ಮುಖ್ಯ ಥ್ರೆಡ್‌ನಲ್ಲಿ ಮೂರು ಸೆಕೆಂಡು ಹಿಡಿದರೆ, ಆ ಮೂರು ಸೆಕೆಂಡೂ ಯಾರಿಗೂ ವ್ಯಾನ್ ಕಾಣದು. ಆದ್ದರಿಂದ ವರದಿಯ ಕೆಲಸ ನಮ್ಮಲ್ಲಿ ಬೇರೊಂದು ಪ್ರೋಸೆಸ್‌ನದು. 2018ರಲ್ಲಿ ಇಂಥ ಕೆಲಸಕ್ಕೆ ಬೇರೆ ಥ್ರೆಡ್ ಕೊಡುವ ವರ್ಕರ್ ಥ್ರೆಡ್ ಸೌಲಭ್ಯವೂ ನೋಡ್‌ಗೆ ಬಂತು. ಆದರೆ ಯಾವ ಕೆಲಸವನ್ನು ಅಲ್ಲಿಗೆ ದಾಟಿಸಬೇಕೆಂದು ನಾವೇ ನಿರ್ಧರಿಸಬೇಕು.

ಮೊಬೈಲ್ ಪರದೆಗೂ ಸರ್ವರ್‌ಗೂ ಒಂದೇ ಭಾಷೆ ಸಾಕಾಗುವುದು ನಮ್ಮಂಥ ಸಣ್ಣ ತಂಡಕ್ಕೆ ದೊಡ್ಡ ಅನುಕೂಲ. ನೋಡ್‌ನ ಪ್ಯಾಕೇಜ್ ಭಂಡಾರವಾದ ಎನ್‌ಪಿಎಂನಲ್ಲಿ ಬೇಕಾದ್ದಕ್ಕೆಲ್ಲ ಸಿದ್ಧ ಪ್ಯಾಕೇಜ್ ಸಿಗುತ್ತದೆ. ಅಪಾಯವೂ ಅಲ್ಲೇ ಇದೆ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿದರು. ಅದನ್ನು ನೆಚ್ಚಿದ್ದ ಲೆಕ್ಕವಿಲ್ಲದಷ್ಟು ಯೋಜನೆಗಳ ಬಿಲ್ಡ್ ನಿಂತುಹೋಯಿತು. 2018ರಲ್ಲಿ ಬರ್ಲಿನ್‌ನ ಸಮ್ಮೇಳನವೊಂದರ ವೇದಿಕೆಯಲ್ಲಿ ಡಾಲ್ ಅವರೇ ನೋಡ್‌ನ ಭದ್ರತೆ ಮತ್ತು ಪ್ಯಾಕೇಜ್ ವ್ಯವಸ್ಥೆಯ ಬಗ್ಗೆ ಪಶ್ಚಾತ್ತಾಪ ತೋಡಿಕೊಂಡು, ‘ಡೆನೊ’ ಎಂಬ ಹೊಸ ರನ್‌ಟೈಮನ್ನು ಪರಿಚಯಿಸಿದರು.

ಚಾಟ್, ನೋಟಿಫಿಕೇಶನ್, ಲೈವ್ ಸ್ಕೋರ್ ಮುಂತಾದವಕ್ಕೆ ಕಣ್ಣುಮುಚ್ಚಿ ನೋಡ್ ಹಿಡಿಯಿರಿ. ವಿಡಿಯೊ ಪರಿವರ್ತನೆ, ಭಾರಿ ಲೆಕ್ಕಾಚಾರವೇ ಮುಖ್ಯವಾದರೆ ಗೋ ಅಥವಾ ಜಾವಾ ಕಡೆ ಹೋಗಿ. ಇನ್ನು, ಅರ್ಧ ಗಂಟೆಯಲ್ಲಿ ನೀವೇ ಬರೆಯಬಲ್ಲ ಹನ್ನೊಂದು ಸಾಲಿಗೆ ಅಪರಿಚಿತರನ್ನು ನೆಚ್ಚಬೇಡಿ.